ಪೂರ್ವಕ್ಕೆ ಯಾರ ಹೊಲ

ಹೊಲ, ಮನೆ ಕೊಂಡವರಿಗೆ ಖರೀದಿ ಪತ್ರ ಬರೆದುಕೊಡುವುದು ನನ್ನ ಕಸುಬು. ಅದಕ್ಕೆ ಸರ್ಕಾರದ ಪರವಾನಗಿ ಬೇಕು. ಯಾವ ಊರಿನ ಕಚೇರಿ ಎಂದು ಹೇಳುವುದಿಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿ, ಎಲ್ಲ ಕಡೆಯೂ ನಮ್ಮಂಥವರಿದ್ದಾರೆ.

ಒಂದು ದಿನ ನನ್ನ ಪರವಾನಗಿ ಆರು ತಿಂಗಳು ಅಮಾನತು ಎಂಬ ಆದೇಶ ಕೈಗೆ ಬಂತು. ಸಿಟ್ಟು ನೆತ್ತಿಗೇರಿತು. ತಪ್ಪೇನೋ ನನ್ನದೇ. ಪತ್ರದಲ್ಲಿ ಚಕ್ಕುಬಂದಿ ಬರೆಯಬೇಕು, ಅಂದರೆ ಹೊಲದ ನಾಲ್ಕು ದಿಕ್ಕಿಗೆ ಯಾರ್ಯಾರ ಹೊಲವಿದೆ ಎಂಬುದು. ಅದನ್ನು ಹೋಗಿ ನೋಡಿ ಯಾರೂ ಬರೆಯುವುದಿಲ್ಲ. ಹಳೆಯ ಪತ್ರ ಮುಂದಿಟ್ಟುಕೊಂಡು ಇದ್ದ ಹಾಗೆ ಇಳಿಸುತ್ತೇವೆ. ಕೊಡ್ಲಿ ಎಂಬ ಹಳ್ಳಿ ಕಡೆಯ ಒಂದು ಹೊಲದ ಪೂರ್ವಕ್ಕೆ ನಾನು ಬರೆದ ಹೆಸರಿನವನು ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಅವನ ಹೊಲ ಕೊಂಡಿದ್ದ ಹೆಣ್ಣುಮಗಳು, ತನ್ನ ಭೂಮಿಯನ್ನು ಸತ್ತವನದೆಂದು ಬರೆದಿದ್ದಾರೆ ಎಂದು ದೂರು ಕೊಟ್ಟಿದ್ದಳು.

ಆದರೆ ಆದೇಶದಲ್ಲಿ ಇನ್ನೊಂದು ಮಾತಿತ್ತು: 'ಸದರಿಯವರ ಹೇಳಿಕೆ ಪಡೆದು, ಅದು ಸಮಾಧಾನಕರವಲ್ಲದ ಕಾರಣ'. ನನ್ನನ್ನು ಯಾರೂ ಏನೂ ಕೇಳಿರಲಿಲ್ಲ. ಕೆಳಗೆ ನೋಡಿದರೆ ನನ್ನ ಪರವಾನಗಿ ಸಂಖ್ಯೆಯ ಜಾಗದಲ್ಲಿ ಇನ್ನಾರದೋ ಸಂಖ್ಯೆ. ಆದೇಶಕ್ಕೆ ಸಹಿ ಹಾಕಿದ ನೋಂದಣಿ ಸಾಹೇಬರೂ ಯಾರದೋ ಹಳೆಯ ಆದೇಶ ಮುಂದಿಟ್ಟುಕೊಂಡು ಇಳಿಸಿದ್ದರು. ಹಾವಿನ ಹೆಜ್ಜೆ ಹಾವಿಗೇ ಗೊತ್ತು. ಸಿಟ್ಟಿನಲ್ಲೂ ನಗು ಬಂತು.

ವಾಡಿಯಲ್ಲಿ ನನ್ನ ಗೆಳೆಯನೊಬ್ಬ ವಕೀಲ. ಕೇಳದೆ ಶಿಕ್ಷೆ ಕೊಡುವಂತಿಲ್ಲ, ಮೇಲ್ಮನವಿ ಗೆಲ್ಲುತ್ತೇವೆ ಎಂದ. ನನಗೆ ಅಷ್ಟು ಸಾಲದು, ಸಾಹೇಬರ ಮೇಲೂ ದಾವೆ ಹಾಕಬೇಕು ಎಂದೆ. ಅವನು ಪುಸ್ತಕ ತೆಗೆದ. ಅಧಿಕಾರಿಯ ಮೇಲೆ ದಾವೆ ಹಾಕುವ ಮುಂಚೆ ಎರಡು ತಿಂಗಳ ನೋಟಿಸ್ ಕೊಡಬೇಕಂತೆ. ನನಗೆ ಎರಡು ನಿಮಿಷ ಕೊಡದವರಿಗೆ ಎರಡು ತಿಂಗಳು! ಸಾಲದ್ದಕ್ಕೆ, ಸದ್ಭಾವನೆಯಿಂದ ಮಾಡಿದ ಕೆಲಸಕ್ಕೆ ಅಧಿಕಾರಿ ಹೊಣೆಯಲ್ಲ ಎಂಬ ಕಲಮು ಬೇರೆ. ಅದನ್ನು ಮೂರು ಸಲ ಓದಿಸಿಕೊಂಡೆ. ಸದ್ಭಾವನೆಯನ್ನು ಯಾರು ಅಳೆಯುತ್ತಾರೆ, ಯಾವುದರಿಂದ ಅಳೆಯುತ್ತಾರೆ? ನಕಲು ಇಳಿಸುವಾಗಲೂ ಅದು ಇರುತ್ತದೆಯೇ?

"ನಾನೂ ನಕಲ್ ಮಾಡೀನಿ, ಅವ್ರೂ ನಕಲ್ ಮಾಡ್ಯಾರ. ಅವ್ರಿಗಿದ್ದ ಕಲಂ ನನಗ್ಯಾಕ ಇಲ್ಲ, ಹೇಳಪಾ," ಎಂದೆ.

ಗೆಳೆಯ ಚಹಾ ತರಿಸಿದ. ದಾವೆಯ ಮಾತು ಬಿಟ್ಟು ಮೇಲ್ಮನವಿಯೊಂದನ್ನೇ ಹಾಕಿದೆವು.

ಮೇಲ್ಮನವಿ ಮುಗಿಯುವ ಹೊತ್ತಿಗೆ ನಾಲ್ಕು ತಿಂಗಳು ಕಳೆದಿತ್ತು. ಅಷ್ಟು ದಿನವೂ ಕಚೇರಿ ಎದುರು ಹೋಗಿ ಸುಮ್ಮನೆ ನಿಂತು ಬರುತ್ತಿದ್ದೆ. ಗುರುತಿನವರು ಬೇರೆಯವರ ಹತ್ತಿರ ಪತ್ರ ಬರೆಸಿಕೊಂಡು, ನನ್ನ ಕಣ್ಣು ತಪ್ಪಿಸಿ ಹೋಗುತ್ತಿದ್ದರು. ಈ ಕಸುಬು ಹೋದರೆ ನಾನು ಯಾರು ಎಂಬ ಭಯ ಕಾಡುತ್ತಿತ್ತು. ಕೊನೆಗೆ ಅಮಾನತು ರದ್ದಾಯಿತು. ಹೇಳಿಕೆ ಕೇಳಿಲ್ಲ, ಕಾರಣ ಇಷ್ಟೇ.

ಆ ಕಾಗದ ಜೇಬಿನಲ್ಲಿಟ್ಟುಕೊಂಡು, ಕೊಡ್ಲಿಗೆ ಹೋಗಲು ಚಿಂಚೋಳಿ ಬಸ್ಸು ಹತ್ತಿದೆ. ಇಷ್ಟೆಲ್ಲ ರಾದ್ಧಾಂತ ಮಾಡಿದ ಹೊಲ ಹೇಗಿದೆ ನೋಡೋಣ ಎಂಬ ಕುತೂಹಲ. ಇಷ್ಟು ವರ್ಷ ಪತ್ರ ಬರೆದರೂ, ಬರೆದ ಹೊಲವನ್ನು ನೋಡಲು ಹೋದದ್ದು ಅದೇ ಮೊದಲು.

ಪೂರ್ವದ ಹೊಲದಲ್ಲಿ ಆ ಹೆಣ್ಣುಮಗಳು ತೊಗರಿ ಸಾಲಿನಲ್ಲಿ ಕಸ ತೆಗೆಯುತ್ತಿದ್ದಳು. ಶಹಾಬಾದಿನ ಕಲ್ಲಿನ ಗಣಿಯಲ್ಲಿ ಹದಿನೈದು ವರ್ಷ ದುಡಿದು ಆ ತುಂಡು ಭೂಮಿ ಕೊಂಡವಳು ಎಂದು ಪಕ್ಕದ ಹೊಲದವರು ಹೇಳಿದ್ದರು. ನಾನು ಯಾರೆಂದು ಹೇಳಿಕೊಂಡೆ. ನನ್ನ ಗೆಲುವಿನ ಕಥೆಯನ್ನೂ ಹೇಳಿದೆ, ಸ್ವಲ್ಪ ಜಂಬದಿಂದಲೇ: ಸಾಹೇಬರು ನನ್ನನ್ನು ಒಂದು ಮಾತೂ ಕೇಳದೆ ಬರೆದಿದ್ದರು, ಅದಕ್ಕೇ ಅವರ ಆದೇಶ ಬಿದ್ದುಹೋಯಿತು ಎಂದು.

ಆಕೆ ಕಳೆ ಕೀಳುವ ಕುರ್ಪಿ ಕೆಳಗಿಟ್ಟು ಎದ್ದು ನಿಂತಳು.

"ನೀವು ಬರಿಯುವಾಗ ನನಗ ಒಂದ್ ಮಾತ್ ಕೇಳಿದ್ರೇನ್ರಿ, ಅಣ್ಣಾ?"

ಭಾಳ ನಾಚಿಕೆಯಾಯಿತು. ಬದುವಿನ ಮೇಲೆ ಕೂತು, ಚೀಲದಿಂದ ಬಿಳಿ ಹಾಳೆ ತೆಗೆದು, ತಿದ್ದುಪಡಿ ಪತ್ರದಲ್ಲಿ ಪೂರ್ವಕ್ಕೆ ಬರೆಯಲು ಆಕೆಯ ಹೆಸರು ಕೇಳಿದೆ.