ಗಾಜಿನ ಲೋಟದ ಸಿಗರೇಟು

ಜಾವಾದ ಆ ಹಳ್ಳಿಯಲ್ಲಿ ಯಾರು ಸಿಗರೇಟು ಸೇದುತ್ತಾರೆ, ಯಾರಿಗೆ ಕೆಮ್ಮಿದೆ ಎಂದು ಮನೆಮನೆ ಕೇಳಿ ಬರೆಯುವ ಕೆಲಸ ಮುರ್ಸಿನಿಯದು. ಹುಡುಗರನ್ನು ಗದರಿಸಿಯೇ ಕೇಳಿದಳು. ಹಿರಿಯರ ಮುಂದೆ ನಾಲಿಗೆ ಹೊರಳಲಿಲ್ಲ. ಅವರೆಲ್ಲ ಸಭೆ ಸಮಾರಂಭಗಳಲ್ಲಿ ಗಾಜಿನ ಲೋಟದಲ್ಲಿ ನಿಲ್ಲಿಸಿಟ್ಟ ಲವಂಗದ ಸಿಗರೇಟನ್ನು ಕರೆದವರ ಗೌರವಕ್ಕೆಂದು ಸೇದುವವರು. ಆ ಊರಲ್ಲಿ ಅದಕ್ಕೆ ಮರ್ಯಾದೆ ಎನ್ನುತ್ತಾರೆ, ಫಾರಮ್ಮಿನಲ್ಲಿ ಮರ್ಯಾದೆಗೆ ಕಾಲಮ್ಮಿರಲಿಲ್ಲ. ಮಾವ ಸಾದಿಮನ್ ಸೇರಿ ನಲವತ್ತೊಂದು ಮಂದಿ ಹಿರಿಯರನ್ನು ಕೇಳದೆಯೇ ‘ಇಲ್ಲ’ ಎಂದು ಗೀಚಿಬಿಟ್ಟಳು.

ಆರು ತಿಂಗಳ ಮೇಲೆ ಊರ ಸಭೆಯಲ್ಲಿ ಆಸ್ಪತ್ರೆಯ ಡಾಕ್ಟರಮ್ಮ ಆ ಫಾರಮ್ಮುಗಳಿಂದ ಮಾಡಿದ ನಕ್ಷೆ ತೂಗುಹಾಕಿದರು.

“ನೋಡಿ, ಹಿರಿಯರಲ್ಲಿ ಸೇದೋರೇ ಇಲ್ಲ. ಆದ್ರೂ ಶ್ವಾಸಕೋಶದ ಕಾಯಿಲೆ ಪಕ್ಕದೂರಿನ ಮೂರು ಪಟ್ಟು! ಅಂದ್ಮೇಲೆ ಇಟ್ಟಿಗೆ ಗೂಡಿನ ಹೊಗೇನೇ ಕಾರಣ. ಮುಚ್ಚಿಸೋಕೆ ಪತ್ರ ಬರ್ದಿದ್ದೀನಿ.”

ಗೂಡು ಮುರ್ಸಿನಿಯ ನೆರೆಮನೆಯ ವಿಧವೆ ತುಮಿರಾಳದು. ಅವಳು ಎದ್ದಳು. “ನನ್ನ ಗೂಡು ವರ್ಷಕ್ಕೆ ನಾಲ್ಕು ಸಲ ಉರಿಯುತ್ತೆ ಡಾಕ್ಟರಮ್ಮ. ಈ ಯಜಮಾನರ ಬಾಯಿ ದಿನಾ ಉರಿಯುತ್ತಲ್ಲ!”

ಯಜಮಾನರು ನಕ್ಕರು. ನಗು ಕೆಮ್ಮಾಗಿ ಮುಗಿಯಿತು.

“ಬಾಯಿಮಾತು ಬೇಡಮ್ಮ. ಅಂಕಿ ನೋಡು,” ಎಂದರು ಡಾಕ್ಟರಮ್ಮ.

ಮುರ್ಸಿನಿ ನಕ್ಷೆಯಿಂದ ಕಣ್ಣು ಕಿತ್ತಳು. ಮೇಜಿನ ಮೇಲೆ ಲೋಟ. ಮಾವ ಅದರಿಂದ ಮೂರನೆಯದನ್ನು ಎತ್ತಿಕೊಳ್ಳುತ್ತಿದ್ದರು. ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ನೆಲಕ್ಕೆ ಬೇರೆ ಕೆಲಸವಿತ್ತು. ಕೊನೆಗೆ ಅವಳೇ ಎದ್ದಳು.

“ಆ ಅಂಕಿ ಸುಳ್ಳು ಡಾಕ್ಟರಮ್ಮ. ದೊಡ್ಡೋರನ್ನ ನಾನು ಕೇಳ್ಲೇ ಇಲ್ಲ. ನಾಚಿಕೆ ಆಯ್ತು. ಎಲ್ರಿಗೂ ಇಲ್ಲ ಅಂತ ಬರ್ದೆ.”

ಡಾಕ್ಟರಮ್ಮ ಕನ್ನಡಕ ತೆಗೆದರು. “ಇದನ್ನ ನಂಬಿ ಒಬ್ಬಳ ಅನ್ನ ಕಿತ್ಕೊಳ್ತಿದ್ನಲ್ಲೇ! ಗೂಡಿನ ಹೊಗೆ ಒಳ್ಳೇದು ಅಂತ ಈಗಲೂ ಹೇಳಲ್ಲ. ಆದ್ರೆ ಯಾವುದರ ಪಾಲು ಎಷ್ಟು ಅಂತ ಈ ಹಾಳೆ ಹೇಳಲ್ಲ.” ಇನ್ನೂ ಕಳಿಸದ ಪತ್ರವನ್ನು ಮಡಿಸಿ ಚೀಲಕ್ಕೆ ಹಾಕಿ, ಖಾಲಿ ಫಾರಂ ತಳ್ಳಿದರು. “ಇಲ್ಲಿಂದಲೇ ಶುರು ಮಾಡು.”

ಮುರ್ಸಿನಿ ಸೊಂಟ ಬಗ್ಗಿಸಿಕೊಂಡು ಮಾವನ ಮುಂದೆ ನಿಂತಳು. “ಮಾವ, ಕ್ಷಮಿಸಿ. ದಿನಕ್ಕೆ ಎಷ್ಟು?”

“ಸೊಸೆ ಸಭೇಲಿ ಕೇಳೋ ಮಾತಾ ಇದು?”

“ಮನೇಲೇ ಕೇಳಿದ್ದಿದ್ರೆ ಇಲ್ಲಿ ಕೇಳ್ಬೇಕಾಗ್ತಿರ್ಲಿಲ್ಲ ಮಾವ.”

ಸಾದಿಮನ್ ಕೈಯಲ್ಲಿದ್ದ ಸಿಗರೇಟನ್ನು ಹಚ್ಚದೆ ಲೋಟದಲ್ಲಿ ವಾಪಸ್ಸು ನಿಲ್ಲಿಸಿದರು. “ಹನ್ನೆರಡು,” ಎಂದರು. ಲೋಟದತ್ತ ನೋಡಿ, “ಸಭೆ ಇದ್ದ ದಿನ ಇಪ್ಪತ್ತು.”

ಅವಳು ಬರೆದುಕೊಂಡಳು. ತುಮಿರಾ ತನ್ನತ್ತ ನೋಡುತ್ತಿದ್ದಾಳೆಂದು ಗೊತ್ತಿತ್ತು. ತಲೆ ಎತ್ತುವ ಧೈರ್ಯ ಬರಲಿಲ್ಲ. ತಗ್ಗಿಸಿದ ತಲೆಯಲ್ಲೇ ಪಕ್ಕದ ಹಿರಿಯರ ಕಡೆ ಸರಿದಳು. ಇನ್ನೂ ನಲವತ್ತು ಜನ ಬಾಕಿ.