ಕತ್ತರಿಸಿದ ಕೆಮ್ಮು

ಪುಟ ತಿರುಗಿಸುವಾಗಲೆಲ್ಲ ಟೀಚರಮ್ಮನ ಎಡಗೈ ಪಕ್ಕೆಯನ್ನು ಒತ್ತಿ ಹಿಡಿಯುತ್ತಿತ್ತು. ಮೊದಲ ದಿನ ಕಂಡಾಗ ತಾಳ ಹಾಕುತ್ತಿದ್ದಾರೆ ಎಂದುಕೊಂಡಿದ್ದೆ.

ಮತ್ತಿಗಿರಿಯ ಶಾಲೆಯಲ್ಲಿ ನನಗೆ ಕನ್ನಡ ಅಕ್ಷರ ತಿದ್ದಿಸಿದವರು ಅವರು. ನಿವೃತ್ತರಾದ ಮೇಲೆ ಹಳೆಯ ಷಟ್ಪದಿ ಕಾವ್ಯವೊಂದನ್ನು ಮೊದಲಿನಿಂದ ಓದಿ ಫೋನಿನಲ್ಲಿ ರೆಕಾರ್ಡ್ ಮಾಡತೊಡಗಿದರು. ರಾಜ್ಯದ ಗಡಿಯಾಚೆಯ ನಮ್ಮ ಕಡೆ ಮನೆಯಲ್ಲಿ ಕನ್ನಡ ಆಡಿದರೂ ಶಾಲೆಯಲ್ಲಿ ತಮಿಳು ಕಲಿತವರೇ ಹೆಚ್ಚು. ಅವರಿಗೆ ಪುಸ್ತಕ ಕೊಟ್ಟರೆ ಓದಲಾಗದು, ಕಿವಿಗೇ ಹಾಕಬೇಕು. ಫ್ಯಾಕ್ಟರಿ ಬಸ್ಸುಗಳಲ್ಲಿ, ಗುಮ್ಮಳಾಪುರದ ಟೊಮೆಟೊ ತೋಟಗಳಲ್ಲಿ ಜನ ಕೇಳುತ್ತಿದ್ದರು. ನನಗೆ ಮಾತ್ರ ಬೇರೆ ಕಟ್ಟಳೆ.

"ನಿಂಗೆ ಓದಕ್ಕೆ ಬತ್ತದಲ್ಲ, ಪುಸ್ತಕ ಮುಂದಿಟ್ಕಂಡು ಕೇಳು. ಕಣ್ಣೂ ಕಿವೀನೂ ಜೊತೇಲಿ ನಡೀಲಿ."

ಅರ್ಧ ಪದ್ಯ, ಅಂದರೆ ಮೂರು ಸಾಲು, ಒಂದೇ ಉಸಿರಿಗೆ ಓದಬೇಕೆಂಬುದು ಅವರ ಹಟ. ಉಸಿರು ಮುರಿದರೆ ಮತ್ತೆ ಮೊದಲಿನಿಂದ. ಕಾವ್ಯದಲ್ಲಿ ಯುದ್ಧ ಶುರುವಾಗುವ ಹೊತ್ತಿಗೆ ಎರಡನೆಯ ಸಾಲಿಗೇ ಕೆಮ್ಮು ಬರುತ್ತಿತ್ತು. ರೆಕಾರ್ಡಿಂಗನ್ನು ಸರಿಮಾಡಿ ಎಲ್ಲರಿಗೂ ಕಳಿಸುವ ಕೆಲಸ ನನ್ನದು.

"ಕೆಮ್ಮೆಲ್ಲ ತೆಗ್ದುಬುಡೇ. ಅವ್ರು ಕೂತಿರೋದು ಯುದ್ಧ ಕೇಳಕ್ಕೆ, ನನ್ನ ಗೊರಗೊರ ಕೇಳಕ್ಕಲ್ಲ," ಎಂದು ನಕ್ಕರು.

ಕೆಮ್ಮು ಕತ್ತರಿಸಿದೆ. ಆಮೇಲೆ ಏದುಸಿರು. ಆಮೇಲೆ ನೀರು ಕುಡಿಯುವ ಸದ್ದು. ಮೂರು ಕಡೆ ಮುರಿದ ಸಾಲನ್ನು ಒಂದೇ ಉಸಿರಿನದೆಂಬಂತೆ ಜೋಡಿಸಿದೆ. ಜೋಡಣೆ ಗೊತ್ತಾಗದಿದ್ದಾಗ ನನಗೆ ಹೆಮ್ಮೆಯೂ ಆಗುತ್ತಿತ್ತು.

ಅವರ ತಂಗಿ ಕೃಷ್ಣಗಿರಿಯಲ್ಲಿದ್ದರು. ಅಕ್ಕನನ್ನು ಗದರಿಸಿ ಆಸ್ಪತ್ರೆಗೆ ಎಳೆದೊಯ್ಯಬಲ್ಲವರು ಅವರೊಬ್ಬರೇ. ಒಂದು ಸಂಜೆ ನನಗೆ ಫೋನ್ ಮಾಡಿದರು.

"ಅಕ್ಕ ಹೆಂಗವ್ಳೆ? ಅವ್ಳನ್ನ ಕೇಳುದ್ರೆ ಬಾಯ್ಮುಚ್ಚು ಅಂತಾಳೆ. ದಿನಾ ಓದೋದು ಕೇಳ್ತೀನಲ್ಲ, ಗಂಟ್ಲು ಗಟ್ಟಿಯಾಗೇ ಐತೆ. ಬರೋ ತಿಂಗ್ಳು ಬತ್ತೀನಿ ಬುಡು."

ಟೀಚರಮ್ಮ ಎದುರಿಗೇ ಕೂತಿದ್ದರು. ಹೇಳಬೇಡ ಎಂದು ತಲೆಯಾಡಿಸಿದರು.

"ಚೆನ್ನಾಗವ್ರೆ," ಎಂದೆ.

ಫೋನ್ ಇಟ್ಟಮೇಲೆ, "ನಾಳೆ ಆಸ್ಪತ್ರೆಗೆ ಹೋಗಣ ಟೀಚರಮ್ಮ," ಎಂದೆ.

"ಈ ಯುದ್ಧ ಒಂದು ಮುಗೀಲಿ ಕಣೇ. ಆಮೇಲೆ ಎಲ್ಲಿಗ್ ಬೇಕಾದ್ರೂ ಕರ್ಕಂಡೋಗು."

ನಾನು ಒತ್ತಾಯ ಮಾಡಲಿಲ್ಲ. ಯುದ್ಧದ ಮುಂದಿನ ಭಾಗ ಕೇಳುವ ಆಸೆ ನನಗೂ ಇತ್ತು. ಇದನ್ನು ಬರೆಯದೆ ಬಿಟ್ಟರೆ ಸುಳ್ಳಾಗುತ್ತದೆ.

ಯುದ್ಧ ಮುಗಿಯಲಿಲ್ಲ. ಹನ್ನೆರಡು ದಿನ ಕಳೆದು, ಒಂದು ಬುಧವಾರ ಬೆಳಿಗ್ಗೆ ಅವರು ಹೋಗಿಬಿಟ್ಟರು.

ತಂಗಿ ಬಂದು ಅಕ್ಕನ ಕಾಲ ಬಳಿ ಕೂತರು. ನನ್ನನ್ನು ಕಂಡು, "ನೆನ್ನೆ ಅಷ್ಟು ಚೆಂದಾಗಿ ಓದಿದ್ಳಲ್ಲೇ! ಏನಾಯ್ತೇ ಇವ್ಳಿಗೆ?" ಎಂದರು.

ಹಿಂದಿನ ದಿನದ ರೆಕಾರ್ಡಿಂಗನ್ನು, ಕತ್ತರಿಸುವ ಮೊದಲು ಇದ್ದಹಾಗೇ, ಹಾಕಿ ಫೋನನ್ನು ಅವರ ಕೈಗೆ ಕೊಟ್ಟೆ. ಒಂಬತ್ತು ಪದ್ಯಕ್ಕೆ ನಲವತ್ತು ನಿಮಿಷ. ಅವರು ಒಂದು ಕೈಯಿಂದ ಅಕ್ಕನ ಪಾದ ಹಿಡಿದುಕೊಂಡೇ ಕೊನೆಯವರೆಗೂ ಕೇಳಿದರು.

"ಇದನ್ನ ನಂಗ್ಯಾಕೆ ಕಳಿಸ್ಲಿಲ್ಲ ನೀನು?"