ಹಾಡ್‌ವೈದ್ ಕೇಳಿದ ಪ್ರಶ್ನೆ

ಅರವತ್ತರ ದಶಕದಲ್ಲಿ ನಾವು ಅಹಮದಾಬಾದಿಗೆ ವರ್ಗವಾಗಿ ಬಂದೆವು. ಎರಡನೆಯ ಬೇಸಿಗೆಯಲ್ಲಿ ನಮ್ಮ ಯಜಮಾನರ ಕತ್ತು ಹಿಡಿದುಕೊಂಡಿತು. ಅವರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಡ್ರಾಫ್ಟ್ಸ್‌ಮನ್. ಇಡೀ ದಿನ ಓರೆಹಲಗೆಯ ಮೇಲೆ ಬಗ್ಗಿ, ಮಸಿಯ ಪೆನ್ನಿನಲ್ಲಿ ಯಂತ್ರಗಳ ನಕ್ಷೆ ಬರೆಯುವ ಕೆಲಸ. ಕೂದಲೆಳೆಯಂಥ ಗೆರೆ ಎಳೆಯುವ ಆ ಬಲಗೈಯೇ ನಮ್ಮ ಮನೆಯ ಅನ್ನ. ಆ ವರ್ಷ ಬಂದ ಹೊಸ ಸಾಹೇಬರಿಗೆ ಯಾವ ಗೆರೆಯೂ ಹಿಡಿಸುತ್ತಿರಲಿಲ್ಲ. ಬೆನ್ನ ಹಿಂದೆ ಬಂದು ಮಾತಾಡದೆ ನಿಲ್ಲುತ್ತಿದ್ದರಂತೆ, ಆಮೇಲೆ ಹಾಳೆ ಕಿತ್ತು ಪಕ್ಕಕ್ಕಿಡುತ್ತಿದ್ದರಂತೆ. ಇವರ ಹೆಗಲು ಮನೆಗೆ ಬಂದ ಮೇಲೂ ಇಳಿಯುತ್ತಿರಲಿಲ್ಲ. ಊಟಕ್ಕೆ ಕೂತಾಗಲೂ ಹಿಂದೆ ಯಾರೋ ಇದ್ದಾರೆ ಎಂಬಂತೆ ಕಿವಿಯವರೆಗೆ ಏರಿಯೇ ಇರುತ್ತಿತ್ತು.

ನಾನು ಹರಳೆಣ್ಣೆ ತಿಕ್ಕಿದೆ, ಉಪ್ಪಿನ ಶಾಖ ಕೊಟ್ಟೆ. ನೋವು ಕತ್ತಿನಿಂದ ಹೆಗಲಿಗೆ, ಹೆಗಲಿನಿಂದ ಬೆನ್ನಿಗೆ ಇಳಿಯಿತೇ ಹೊರತು ಹೋಗಲಿಲ್ಲ. ಆಮೇಲೆ ಬಲಗೈ ಜೋಮು ಹಿಡಿಯತೊಡಗಿತು. ಬೆಳಿಗ್ಗೆ ಹಲ್ಲುಜ್ಜುವಾಗ ನಡುನಡುವೆ ಕೈ ಕೊಡವಿಕೊಳ್ಳುತ್ತಿದ್ದರು.

"ಮಲಗಿದ್ದು ಸರಿಯಾಗಿಲ್ಲ ಕಣೇ, ಅಷ್ಟೇ. ಆಫೀಸಲ್ಲಿ ಯಾರಿಗೂ ಗೊತ್ತಾಗ್ಬಾರದು," ಎಂದರು.

ಮೊದಲನೆಯ ಮಾತಿಗಿಂತ ಎರಡನೆಯದು ನನ್ನನ್ನು ಹೆಚ್ಚು ಹೆದರಿಸಿತು. ಆಸ್ಪತ್ರೆಗೆ ಹೋಗೋಣವೆಂದರೆ, ಡಾಕ್ಟರು ಚೀಟಿ ಬರೆದರೆ ಸಾಹೇಬರಿಗೆ ತಿಳಿದುಬಿಡುತ್ತದೆ ಎಂಬ ಭಯ ಅವರಿಗೆ.

ಪಕ್ಕದ ಮನೆಯ ಮುದುಕಿಯನ್ನು ಎಲ್ಲರಂತೆ ನಾವೂ 'ಬಾ', ಅಂದರೆ ಅಮ್ಮ, ಎನ್ನುತ್ತಿದ್ದೆವು. ಹಳೆಯ ಊರಿನ ಪೋಳ್ ಒಂದರಲ್ಲಿ ಒಳ್ಳೆಯ ಹಾಡ್‌ವೈದ್ ಇದ್ದಾನೆಂದು ಹೇಳಿದವಳು ಅವಳೇ. ಅಲ್ಲಿ ಹಾಡ್ ಎಂದರೆ ಮೂಳೆ. ಯಜಮಾನರು ನಕ್ಕರು. "ಹಾಡು ಹೇಳಿ ವಾಸಿ ಮಾಡ್ತಾನೇನೋ, ನೋಡೇಬಿಡೋಣ."

ಬರಿಗೈಯಲ್ಲಿ ಹೋಗಬಾರದೆಂದು ದಾರಿಯಲ್ಲಿ ಬಾಳೆಹಣ್ಣು ಕೊಂಡೆವು. ದೇವರ ಹತ್ತಿರವಾಗಲಿ ವೈದ್ಯರ ಹತ್ತಿರವಾಗಲಿ ಕೈ ಬೀಸಿಕೊಂಡು ಹೋಗುವ ರೂಢಿ ನಮ್ಮಲ್ಲಿಲ್ಲ. ಪೋಳ್ ಎಂದರೆ ಒಂದೇ ಹೆಬ್ಬಾಗಿಲಿನ ಇಕ್ಕಟ್ಟಾದ ಕೇರಿ. ಎರಡೂ ಕಡೆಯ ಮನೆಗಳು ಮೇಲ್ಗಡೆ ಒಂದನ್ನೊಂದು ಮುಟ್ಟುವಷ್ಟು ಮುಂದೆ ಚಾಚಿ, ಮಧ್ಯಾಹ್ನದಲ್ಲೂ ಒಳಗೆ ಮಬ್ಬು. ಹಿಂದಿರುಗಿಬಿಡೋಣ ಅನ್ನಿಸಿತು ನನಗೆ. ಕಾರಣ ಹೇಳಲು ಬಾರದೆ ಸುಮ್ಮನೆ ನಡೆದೆ. ಜಗಲಿಯ ಮೇಲೆ ಕಾಯುತ್ತಿದ್ದಾಗ ಒಳಗಿನಿಂದ ಲಟಕ್ ಎಂಬ ಸದ್ದು, ಅದರ ಹಿಂದೆಯೇ ಒಂದು ನಿಟ್ಟುಸಿರು ಕೇಳಿಬರುತ್ತಿತ್ತು. ಹೊರಬಂದವರೆಲ್ಲ ನಗುತ್ತಲೇ ಬಂದರು, ನಿಜ. ಆದರೂ ಪ್ರತಿ ಸದ್ದಿಗೂ ನಾನು ಹೆಬ್ಬಾಗಿಲಿನ ಕಡೆ ತಿರುಗಿ ನೋಡುತ್ತಿದ್ದೆ.

ಹಾಡ್‌ವೈದ್ ದಪ್ಪ ಹೆಬ್ಬೆರಳಿನ, ಕಡಿಮೆ ಮಾತಿನ ಮನುಷ್ಯ. ಇವರನ್ನು ಚಾಪೆಯ ಮೇಲೆ ಕೂರಿಸಿ ಕತ್ತಿನ ಮೂಳೆಗಳನ್ನು ಒತ್ತುತ್ತ ಬಂದ. ಒಂದು ಕಡೆ ಬೆರಳು ನಿಲ್ಲಿಸಿ ಕೇಳಿದ: "ಹಾಥ್‌ಮಾ ಖಾಲಿ ಚಡೇ ಛೇ?"

ನಮ್ಮಿಬ್ಬರ ಗುಜರಾತಿಯೂ ಅಷ್ಟಕ್ಕಷ್ಟೇ. ಹಾಥ್ ಎಂದರೆ ಕೈ ಎಂದು ಗೊತ್ತು, ಖಾಲಿಯಂತೂ ನಾವೂ ಆಡುವ ಮಾತು. ಬರಿಗೈಯಲ್ಲಿ ಬಂದಿರೇನು ಎಂದು ಕೇಳುತ್ತಿದ್ದಾನೆ ಅಂದುಕೊಂಡೆವು. ಬಾಯಿಬಿಟ್ಟು ಕೇಳುವಷ್ಟು ಆಸೆಯೇ ಈತನಿಗೆ ಎಂದು ನನಗೆ ಸಿಟ್ಟೂ ಬಂತು. ಯಜಮಾನರು ಬಾಳೆಹಣ್ಣಿನ ಚೀಲವನ್ನು ಎತ್ತಿ ತೋರಿಸಿ, "ನಹೀ ನಹೀ, ಖಾಲಿ ನಹೀ," ಎಂದರು. ಆತ ಚೀಲದ ಕಡೆ ನೋಡಲೂ ಇಲ್ಲ. ಅದನ್ನು ಹಿಡಿದಿದ್ದ ಕೈಯನ್ನು ಮುಟ್ಟಿ ಇನ್ನೊಮ್ಮೆ ಅದನ್ನೇ ಕೇಳಿದ.

"ಬಿಲ್ಕುಲ್ ನಹೀ," ಎಂದರು ಇವರು.

ಆತ ತಲೆದೂಗಿ ಗದ್ದ ಹಿಡಿದ. ಲಟಕ್ ಎಂದಿತು.

ಒಂದೆರಡು ದಿನ ಕತ್ತು ಹಗುರಾಗಿತ್ತು. ಆಮೇಲೆ ಬಲಗೈಯ ಹೆಬ್ಬೆರಳು, ತೋರುಬೆರಳು ಸತ್ತಂತಾದವು. ಮೊದಲು ಕಾಫಿ ಲೋಟ ಜಾರಿತು. ನಂತರ ಕಚೇರಿಯಲ್ಲಿ ಪೆನ್ನೇ ಜಾರಿ, ಬರೆದು ಮುಗಿದಿದ್ದ ನಕ್ಷೆಯ ಮೇಲೆ ಮಸಿ ಹರಿಯಿತು. ಸಾಹೇಬರು ಅಂದೂ ಏನೂ ಅನ್ನಲಿಲ್ಲವಂತೆ. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಆಸ್ಪತ್ರೆಗೆ ಹೋದೆವು. ನರ ನಲುಗಿದೆ, ಕಾದು ನೋಡಬೇಕು ಎಂದರು ಡಾಕ್ಟರು. ರಜೆ ಹಾಕಿ ಮನೆಯಲ್ಲಿ ಕೂತ ಇವರನ್ನು ನೋಡುತ್ತ, ಆ ಹಾಡ್‌ವೈದನಿಗೆ ಹಿಡಿಶಾಪ ಹಾಕುವುದೇ ನನ್ನ ಕೆಲಸವಾಯಿತು. ಒಂದು ದಿನ ಹೋಗಿ ಅವನ ಬಾಗಿಲಲ್ಲೇ ನಿಂತು ಜಾಡಿಸಿ ಬರಬೇಕು ಎಂದುಕೊಂಡಿದ್ದೆ.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಬಾ ನಮ್ಮ ಮನೆಯಲ್ಲಿ ಅಕ್ಕಿ ಆರಿಸಿಕೊಡುತ್ತ ಚಕ್ಕಳಮಕ್ಕಳ ಕೂತಿದ್ದಳು. ಏಳಲು ಹೋದವಳು ಏಳಲಾರದೆ ನಕ್ಕಳು. "ಪಗ್‌ಮಾ ಖಾಲಿ ಚಡೀ ಗಯೀ," ಎಂದು ಪಾದ ತಿಕ್ಕಿಕೊಂಡಳು. ನನ್ನ ಕೈಯಲ್ಲಿದ್ದ ಮೊರ ಹಾಗೇ ನಿಂತಿತು. ಖಾಲಿ ಎಂದರೇನು ಎಂದು ಕೇಳಿದೆ. ಅವಳು ನನ್ನ ಕಾಲಿನ ಮೇಲೆ ಬೆರಳ ತುದಿಗಳನ್ನು ಇರುವೆಗಳಂತೆ ಹರಿಸಿ ತೋರಿಸಿದಳು.

ಒಳಗೆ ಮಲಗಿದ್ದ ಯಜಮಾನರಿಗೂ ಅವಳ ಮಾತು ಕೇಳಿಸಿತ್ತು. ಬಾ ಹೋದ ಮೇಲೆ ಬಾಗಿಲಿಗೆ ಬಂದು ನಿಂತರು.

"ಜೋಮಾ?"

"ಹೂಂ ರೀ. ಜೋಮು."

ಬಲಗೈಯನ್ನು ನೋಡಿಕೊಂಡು, "ಎರಡು ಸಲ ಕೇಳಿದ ಕಣೇ ಅವನು. ಹೌದು ಅಂದಿದ್ರೆ ಕತ್ತು ಮುಟ್ತಾನೇ ಇರ್ಲಿಲ್ವೇನೋ," ಎಂದರು.

ಬೈಯುವುದಕ್ಕೆ ನನಗೆ ಇನ್ನು ಯಾರೂ ಉಳಿದಿರಲಿಲ್ಲ. ಒಬ್ಬನನ್ನು ಬೈಯುತ್ತ ಇದ್ದಷ್ಟು ದಿನ ಕೈ ಸರಿಹೋಗುತ್ತದೆ ಎಂಬ ನಂಬಿಕೆಯೂ ಇತ್ತು. ಅದೂ ಆವತ್ತೇ ಹೋಯಿತು. ಆ ಸಂಜೆ ಅವರು ಎಡಗೈಯಲ್ಲಿ ಪೆನ್ಸಿಲ್ ಹಿಡಿದು ತಮ್ಮ ಹೆಸರು ಬರೆಯುವುದನ್ನು ಕಲಿಯಲು ಕೂತರು. ಬಲಗೈ ಪಕ್ಕದಲ್ಲಿ ಸುಮ್ಮನೆ ಬಿದ್ದಿತ್ತು. ಅದು ಮತ್ತೆ ಒಂದು ಗೆರೆಯನ್ನೂ ಎಳೆಯಲಿಲ್ಲ.